ಐದು ಎಲೆಯ ಊಟ

ಬಾಗಿಲ ಮೇಲೆ ಇದ್ದಿಲು ಎಳೆಯುವ ಸದ್ದು ದೊಡ್ಡದೇನಲ್ಲ. ಇಲಿ ಹಲಗೆ ಕೆರೆದ ಹಾಗೆ, ಅಷ್ಟೇ. ಆದರೆ ನಮ್ಮೂರಿನಲ್ಲಿ ಹುಟ್ಟಿ ಬೆಳೆದ ಯಾವ ಹೆಂಗಸೂ ಅದನ್ನು ಇಲಿ ಎಂದುಕೊಳ್ಳುವುದಿಲ್ಲ. ಆ ರಾತ್ರಿ ಎರಡು ಗಂಟೆಯ ಹೊತ್ತಿಗೂ ನನಗೆ ಎಚ್ಚರವಿತ್ತು. ನಾನು ಸಾಮಾನ್ಯವಾಗಿ ಎಚ್ಚರವಾಗಿಯೇ ಇರುವವಳು. ಒಂದು ಗೀಟು ಬಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮೂರನೆಯವನಿಗೆ ಕೆಮ್ಮಿತ್ತು. ನಾಲ್ಕನೆಯವನು ಗೀಟೆಳೆದು ನಮ್ಮ ಜಗಲಿಯ ಮೇಲೆಯೇ ಕೂತು ಎಲೆಯಡಿಕೆ ಹಾಕಿಕೊಂಡ. ಐದನೆಯದು ಬೀಳದಿದ್ದರೆ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಸುಮ್ಮನಾಗಬಹುದಿತ್ತು. ಐದನೆಯದೂ ಬಿತ್ತು, ಬಹಳ ಮೆಲ್ಲಗೆ, ಅಂಗಡಿಯಲ್ಲಿ ಚಿಲ್ಲರೆ ಕೇಳುವವರ ಸಂಕೋಚದಲ್ಲಿ.

“ಎಣಿಸಿದೆಯೇನೇ?” ಎಂದು ಕತ್ತಲಲ್ಲಿ ಅತ್ತೆ ಕೇಳಿದಳು. ಅತ್ತೆ ಎಂದರೆ ನನ್ನ ತಂದೆಯ ಅಕ್ಕ, ಲಿಂಗಾಜಮ್ಮ. ತಂದೆ ತಾಯಿ ಇಲ್ಲದ ನನ್ನನ್ನು ಸಾಕಿ, ಅರಮನೆಯೂರಿನ ಕಾಲೇಜಿಗೆ ಕಳಿಸಿ ಬಿ.ಎ. ಮಾಡಿಸಿದವಳು.

“ಐದು, ಅತ್ತೆ.”

“ನನಗೂ ಐದೇ ಕೇಳಿಸ್ತು. ಮಲಕ್ಕೋ. ನಾಳೆಯಿಂದ ನಿದ್ದೆ ಮಾಡೋಕೆ ಪುರುಸೊತ್ತಿರಲ್ಲ.”

ನಮ್ಮೂರಿನ ಪದ್ಧತಿ ಸರಳವಾದದ್ದು. ಬಾಗಿಲ ಮೇಲೆ ಐದು ಗೀಟು ಬಿದ್ದರೆ ಆ ಮನೆಯ ಹೆಂಗಸು ಮಾಟಗಾತಿ ಎಂದು ಐವರು ಹೇಳಿದ ಹಾಗೆ. ನಾಲ್ಕನೆಯ ದಿನ ಆ ಐವರೂ ಅವಳ ಮನೆಗೆ ಊಟಕ್ಕೆ ಬರಬೇಕು. ಅಡುಗೆ ಅವಳೇ ಮಾಡಬೇಕು, ಅವಳೇ ಬಡಿಸಬೇಕು, ಎಲ್ಲವನ್ನೂ ಒಂದೊಂದೇ ಸಲ. ಬೇಕೇ ಎಂದು ಅವಳು ಕೇಳುವಂತಿಲ್ಲ. ಐವರಲ್ಲಿ ಒಬ್ಬನಾದರೂ ಯಾವುದಾದರೂ ಒಂದನ್ನು ಎರಡನೆಯ ಸಲ ಹಾಕಿಸಿಕೊಂಡು ತಿಂದರೆ ಅವಳು ಪಾರು, ಏಕೆಂದರೆ ಮಾಟಗಾತಿಯ ಕೈ ಅಡುಗೆಯನ್ನು ಮನುಷ್ಯನ ನಾಲಿಗೆ ಎರಡನೆಯ ಸಲ ಬೇಡುವುದಿಲ್ಲ. ಐವರೂ ಸುಮ್ಮನೆ ಎಲೆ ಮಡಚಿ ಎದ್ದರೆ ಅವಳನ್ನು ಚೌಕದ ಹಗೇವಿಗೆ ಇಳಿಸಿ ಚಪ್ಪಡಿ ಮುಚ್ಚುತ್ತಾರೆ. ಐವರು ಯಾವ ಜಾತಿಯವರಾದರೂ ಆಗಬಹುದು, ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಈ ಒಂದು ವಿಷಯದಲ್ಲಿ ನಮ್ಮೂರಿನವರು ಬಹಳ ಉದಾರಿಗಳು.

ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಚೌಕದಲ್ಲಿ ಹನ್ನೊಂದಿದ್ದವು. ನಾಲ್ಕರಲ್ಲಿ ರಾಗಿ, ಆರು ಕಾಯಂ ಮುಚ್ಚಿದವು, ಒಂದು ಖಾಲಿ. ಆರನೆಯದರಲ್ಲಿ ಸೂಲಗಿತ್ತಿ ಹೊನ್ನಮ್ಮ ಇದ್ದಳು. ಊರಿಗೇ ಹೆಸರಾದ ಕೈ ಅವಳದು. ಅವಳ ಹೋಳಿಗೆಗೆ ಜನ ಜಗಳವಾಡುತ್ತಿದ್ದರು. ಆದರೂ ಐವರೂ ಎಲೆ ಮಡಚಿದರು. ಚಪ್ಪಡಿ ಮುಚ್ಚಿದ ಮೇಲೆ ಎರಡು ಸಂಜೆ ಅವಳ ದನಿ ಕೇಳುತ್ತಿತ್ತು. ಬೈಯಲಿಲ್ಲ, ಅಳಲಿಲ್ಲ. ತಾನು ಹೆರಿಗೆ ಮಾಡಿಸಿದ ಮಕ್ಕಳ ಹೆಸರು ಒಂದೊಂದಾಗಿ ಕರೆದು, ಹಲ್ಲು ಬಂತಾ, ನಡೀತಾನಾ, ಕೆಮ್ಮು ಹೋಯ್ತಾ ಎಂದು ವಿಚಾರಿಸುತ್ತಿದ್ದಳು. ಮೂರನೆಯ ದಿನ ವಿಚಾರಿಸಲಿಲ್ಲ. ಆ ಎರಡು ದಿನ ಮಾತ್ರ ಗಂಡಸರು ಚೌಕಾಬಾರದ ಆಟವನ್ನು ಪಕ್ಕದ ಚಪ್ಪಡಿಗೆ ಬದಲಾಯಿಸಿಕೊಂಡಿದ್ದರು.

ಬೆಳಿಗ್ಗೆ ಎಲೆಗಾವಲಿನ ಮಾದಯ್ಯ ಬಂದ. ಊಟದ ದಿನ ಎಲೆಗಳ ಮೇಲೆ ಕಣ್ಣಿಟ್ಟು ತೀರ್ಪು ಹೇಳುವುದು ಅವನ ವಂಶದ ಕೆಲಸ. ಗೀಟೆಳೆದ ಐವರೂ ಅವನ ಹಿಂದೆ ನಿಂತಿದ್ದರು: ಎಣ್ಣೆಗಾಣದ ಮರಿಬಸಪ್ಪ, ಬೆಲ್ಲದಂಗಡಿಯವನು, ಪಂಚಾಂಗದ ಆಚಾರ್ಯರು, ಊರ ಬಾಗಿಲು ಕಾಯುವವನು, ದರ್ಜಿ ತಿಪ್ಪಣ್ಣ.

ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. “ಗೀಟು ಬಿದ್ದಿರೋದು ಬಾಗಿಲಿಗೆ. ಈ ಮನೇಲಿ ಇಬ್ಬರು ಹೆಂಗಸರಿದೀವಿ. ಹಿರಿಯಳು ನಾನು. ಮಾಟಗಾತಿ ನಾನೇ, ಬರ್ಕೊಳ್ಳಿ.”

ಮರಿಬಸಪ್ಪ ನಕ್ಕ. “ನಿಮ್ಮ ಕೈ ಹುಳಿ ನಾನು ಉಂಡಿಲ್ಲವಾ, ಲಿಂಗಾಜಕ್ಕ? ನಿಮ್ಮ ತಮ್ಮನ ಮದುವೇಲಿ ಮೂರು ಸಲ ಹಾಕಿಸ್ಕೊಂಡಿದ್ದೆ. ಆ ಆಟ ಬೇಡ. ನಾವು ಹೇಳಿರೋದು ಇಸ್ಕೂಲಮ್ಮನ್ನ.”

ನನ್ನ ಮೇಲಿನ ಆರೋಪ ಅವನ ಮೊಮ್ಮಗಳಿಂದ ಹುಟ್ಟಿದ್ದು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಮಗು ಜ್ವರದಲ್ಲಿ ಮಲಗಿದ್ದಾಗ ಶಾಲೆಯ ಪೆಟ್ಟಿಗೆಯಿಂದ ಥರ್ಮಾಮೀಟರು ಒಯ್ದು, ಅದರ ನಾಲಿಗೆಯಡಿ ಇಟ್ಟು ನೋಡಿ, “ಗುರುವಾರದ ಹೊತ್ತಿಗೆ ಇಳಿಯಬಹುದು” ಎಂದಿದ್ದೆ. ‘ಬಹುದು’ ಎಂದೇ ಹೇಳಿದ್ದೆ. ನಾನು ಮಾತನ್ನು ತೂಗಿ ಆಡುವವಳು. ಗುರುವಾರ ಜ್ವರ ಇಳಿಯಿತು. ಮಗು ಸತ್ತಿದ್ದರೆ ದೇವರ ಇಚ್ಛೆಯಾಗುತ್ತಿತ್ತು. ಬದುಕಿದ್ದಕ್ಕೆ ಯಾರಾದರೊಬ್ಬರು ಉತ್ತರ ಹೇಳಬೇಕಿತ್ತು. ಉಳಿದವರಿಗೆ ಅವರವರ ಕಾರಣಗಳಿದ್ದವು. ಉದಾಹರಣೆಗೆ, ತಿಪ್ಪಣ್ಣ ಹೊಲಿದ ರವಿಕೆಯ ತೋಳುಗಳು ಒಂದು ಉದ್ದ ಒಂದು ಗಿಡ್ಡ ಇವೆ ಎಂದು ನಾನು ನಾಲ್ಕು ಜನರ ಮುಂದೆ ಹೇಳಿದ್ದೆ.

ಮಾದಯ್ಯ ಕೋಲು ಕುಟ್ಟಿದ. “ಹೇಳಿದವರು ಯಾರನ್ನ ಹೇಳಿದರೋ ಅವರೇ. ನಾಲ್ಕನೇ ದಿನ ಮಧ್ಯಾಹ್ನ. ಮಜ್ಜಿಗೆ ಹುಳಿ ಬರಿಸಬೇಡಮ್ಮ, ನನಗೂ ಒಂದು ಲೋಟ ಕೊಡಬೇಕು.”

ಓಡಿಹೋಗಬಹುದಿತ್ತಲ್ಲ ಎಂದು ಕೇಳುವವರಿಗೆ: ಊರಿಗೆ ಇದ್ದದ್ದು ಒಂದೇ ಬಾಗಿಲು, ಅದನ್ನು ಕಾಯುವವನು ನನ್ನ ಐವರಲ್ಲೊಬ್ಬ.

ನನಗೆ ಅಡುಗೆ ಬರುತ್ತಿರಲಿಲ್ಲ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ. ನಮ್ಮೂರಿನಲ್ಲಿ ಹೆಣ್ಣುಮಗು ಮಾತಾಡುವ ಮೊದಲೇ ಒಗ್ಗರಣೆ ಹಾಕುವುದನ್ನು ಕಲಿಸುತ್ತಾರೆ, ಕಾರಣ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅತ್ತೆ ಮಾತ್ರ, ‘ಅವಳು ಓದಲಿ, ಈ ಊರಲ್ಲೇ ಇರ್ತಾಳಾ’ ಎಂದು ಬಿಟ್ಟಿದ್ದಳು. ಓದಿದೆ, ಈ ಊರಿಗೇ ಬಂದೆ. ಮೊದಲ ದಿನ ನಾನು ಮಾಡಿದ ಹುಳಿಯನ್ನು ಹಸುವಿಗೆ ಹಾಕಿದೆವು. ಹಸು ಮೂಸಿ ನೋಡಿ, ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತ ನಿಂತಿತು. ಅತ್ತೆ ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡು, “ಇದು ಮಾಟವೇ ಕಣೇ ಪಂಕಜ. ತೊಗರಿಬೇಳೆ ತಾನಾಗಿ ಹೀಗಾಗೋಕೆ ಸಾಧ್ಯವೇ ಇಲ್ಲ,” ಎಂದಳು. ಎರಡನೆಯ ದಿನ ಉಪ್ಪು ಮರೆತೆ. ಮೂರನೆಯ ದಿನ ನೆನಪಿಟ್ಟುಕೊಂಡೆ, ಎರಡು ಸಲ.

ಮೂರನೆಯ ದಿನ ಸಂಜೆ ಚೌಕದ ಕಡೆಯಿಂದ ಬೇವಿನ ಸೊಪ್ಪಿನ ಹೊಗೆ ಬಂತು. ಖಾಲಿ ಹಗೇವನ್ನು ಗುಡಿಸಿ ಹೊಗೆ ಹಾಕುತ್ತಿದ್ದರು, ನುಸಿ ಹಿಡಿಯದಿರಲಿ ಎಂದು. ನುಸಿಯ ಭಯ ನನ್ನ ಸಲುವಾಗಿಯೋ ಪಕ್ಕದ ರಾಗಿಯ ಸಲುವಾಗಿಯೋ ತಿಳಿಯಲಿಲ್ಲ. ನಾನು ಒಲೆಯ ಮುಂದೆ ಕೂತು ವಾಂತಿ ಮಾಡಿಕೊಂಡೆ.

ಅತ್ತೆ ನನ್ನ ಬಾಯಿ ತೊಳೆಸಿ, ಹಿತ್ತಿಲಿಗೆ ಹೋಗಿ ಕರಿಬೇವು ಮುರಿದು ಐದು ಕಟ್ಟು ಮಾಡಿದಳು. “ಹೊನ್ನಮ್ಮನ ಅಡುಗೆ ಕೆಟ್ಟಿತ್ತಾ? ಇಲ್ಲ. ಆ ಗಂಡಸರು ಮನೇಲಿ ಗಡದ್ದಾಗಿ ಉಂಡು ಬಂದಿದ್ರು. ಗೀಟೆಳೆದವನ ಹೆಂಡತಿ ಆ ದಿನ ಬೆಳಿಗ್ಗೇನೇ ಅವನಿಗೆ ಹೊಟ್ಟೆ ಬಿರಿಯ ಬಡಿಸ್ತಾಳೆ, ಅಲ್ಲಿ ಹೋಗಿ ಆಸೆಪಟ್ಟಾನು ಅಂತ. ಎಲ್ಲ ಹೆಂಡಿರೂ ಹಾಗೇ ಮಾಡ್ಕೊಂಡು ಬಂದಿದೀವಿ. ನಾನೂ ಮಾಡಿದೀನಿ, ನಿಮ್ಮ ಮಾವ ಇದ್ದಾಗ.” ಕೊನೆಯ ಮಾತನ್ನು ಅವಳು ಕರಿಬೇವಿಗೆ ಹೇಳಿದಳು. “ರುಚಿ ಇರೋದು ಪಾತ್ರೇಲಲ್ಲ, ಹೊಟ್ಟೇಲಿ. ನೀನು ಹುಳಿ ಕಲಕು. ನಾನು ಹೋಗಿಬರ್ತೀನಿ.”

ಕರಿಬೇವು ಕೊಡುವ ನೆಪದಲ್ಲಿ ಐದೂ ಮನೆಗೆ ಹೋಗಿಬಂದಳು. ಏನು ಮಾತಾಡಿದಳೋ, ಬಂದವಳ ಕಣ್ಣು ಕೆಂಪಾಗಿತ್ತು, ತುಟಿಯಲ್ಲಿ ನಗು ಇತ್ತು. “ಮರಿಬಸಪ್ಪನ ಹೆಂಡತಿ ನಾನು ಬಾಯಿ ತೆಗೆಯೋಕೆ ಮುಂಚೇನೇ ಹರಳೆಣ್ಣೆ ಬಾಟ್ಲಿ ತೋರಿಸಿದಳು. ‘ಮೊಮ್ಮಗಳನ್ನ ಉಳಿಸಿದವಳು ಅವಳು. ಇವರಿಗೆ ನಾಳೆ ಬೆಳಿಗ್ಗೆ ನಾಲ್ಕು ಚಮಚ ಹಾಕ್ತೀನಿ, ಹಿತ್ತಿಲಿಗೂ ಮನೆಗೂ ದಾರಿ ಸವೀಬೇಕು’ ಅಂದಳು. ಬೆಲ್ಲದಂಗಡಿಯವಳು ಮಡಕೆ ಒಡೀತಾಳೆ. ಆಚಾರ್ಯರ ಮನೆಯವರು ಏನೋ ವ್ರತ ಹುಟ್ಟಿಸ್ತಾರಂತೆ. ಊರಬಾಗಿಲ ಕಾವಲಿನವನ ಹೆಂಡತಿಗೆ ನಾಳೆ ಹೊಟ್ಟೆನೋವು. ದರ್ಜಿ ಹೆಂಡತಿ ಸಾವಂತ್ರಿ ಜಾಸ್ತಿ ಮಾತಾಡಲಿಲ್ಲ, ಹೂಂ ಅಂದಳು. ಐವರೂ ಹಸಿದ ತೋಳಗಳ ಹಾಗೆ ಬರ್ತಾರೆ, ನೋಡ್ತಿರು.”

ಬಂದರು. ನಾಲ್ಕನೆಯ ದಿನ ನಡುಮನೆಯಲ್ಲಿ ಐದು ಮುತ್ತುಗದೆಲೆ ಹಾಕಿದ್ದೆ. ಮಾದಯ್ಯ ಎದುರಿಗೆ ಮಣೆ ಹಾಕಿಕೊಂಡು ಕೂತ. ಅತ್ತೆಯನ್ನು ಹೊಸ್ತಿಲಾಚೆ ನಿಲ್ಲಿಸಿದರು. ಮರಿಬಸಪ್ಪನ ಮುಖ ಹಿಂಡಿದ ಬಟ್ಟೆಯ ಹಾಗಿತ್ತು. ಕೂರುವಾಗ ಗೋಡೆ ಹಿಡಿದುಕೊಂಡ. ನಾನು ಅನ್ನ ಬಡಿಸಿದೆ, ಹುಳಿ ಬಡಿಸಿದೆ, ಪಲ್ಯ ಎಂದು ನಾನು ಕರೆಯುತ್ತಿದ್ದ ಒಂದು ವಸ್ತುವನ್ನು ಬಡಿಸಿದೆ.

ಅವರು ಉಂಡ ರೀತಿಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆಚಾರ್ಯರು ಎಲೆಯ ಕಡ್ಡಿಗಳ ಸಂದಿಯಿಂದ ಹುಳಿಯನ್ನು ಬೆರಳಲ್ಲಿ ಬಳಿದರು. ಬೆಲ್ಲದಂಗಡಿಯವನು ಸೀದುಹೋದ ಬದನೆಕಾಯಿಯ ತೊಟ್ಟನ್ನು ಚೀಪಿದ. ತಿಪ್ಪಣ್ಣ ಮಾತ್ರ ನಿಧಾನವಾಗಿ ಉಣ್ಣುತ್ತಿದ್ದ. ದರ್ಜಿಗಳು ಎಲ್ಲವನ್ನೂ ಅಳೆದೇ ಮಾಡುತ್ತಾರೆ ಎಂದುಕೊಂಡೆ. ಐದು ಎಲೆಗಳೂ ತೊಳೆದಿಟ್ಟ ಹಾಗೆ ಖಾಲಿಯಾದವು. ಸೌಟು ಹಿಡಿದು ನಿಂತೆ. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ.

ಯಾರೂ ಕೇಳಲಿಲ್ಲ. ನಾನು ಮನುಷ್ಯರ ಕೈಗಳನ್ನು ನೋಡುವವಳು. ಮರಿಬಸಪ್ಪನ ಬಲಗೈ ಎಲೆಯ ಮೇಲೆ ಮುಷ್ಟಿಯಾಗಿತ್ತು, ಗೆಣ್ಣುಗಳು ಬೆಳ್ಳಗಾಗಿದ್ದವು. ಆಚಾರ್ಯರು ಎರಡೂ ತುಟಿ ಒಳಗೆಳೆದುಕೊಂಡಿದ್ದರು. ಕಾವಲಿನವನು ತನ್ನ ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ಕೂತಿದ್ದ, ಅದೇ ಕಳ್ಳನೆಂಬಂತೆ. ತಮ್ಮ ಹಸಿವನ್ನು ಅವರು ಕಾಯುತ್ತಿದ್ದರು. ಅದು ಎಷ್ಟು ದೊಡ್ಡದಾಗಿತ್ತೆಂದರೆ ಕ್ಷಣವೂ ಅದರ ಮೇಲಿಂದ ಕಣ್ಣು ತೆಗೆಯುವಂತಿರಲಿಲ್ಲ. ಅನ್ನದ ಪಾತ್ರೆಯನ್ನು ಒಳಗಿಟ್ಟೆ. ಉಳಿದದ್ದು ಮಜ್ಜಿಗೆಯೊಂದೇ.

ನಮ್ಮ ಕಡೆ ಊಟದ ಕೊನೆಗೆ ಮಜ್ಜಿಗೆಯನ್ನು ಲೋಟಕ್ಕೆ ಹಾಕುವುದಿಲ್ಲ. ಉಣ್ಣುವವರು ಬಲ ಅಂಗೈ ಗುಳಿ ಮಾಡಿ ಒಡ್ಡುತ್ತಾರೆ, ಬಡಿಸುವವರು ಹುಯ್ಯುತ್ತಾರೆ, ಅವರು ಸುರಿದು ಕುಡಿಯುತ್ತಾರೆ. ಮರಿಬಸಪ್ಪ ಒಡ್ಡಿದ, ಕುಡಿದ, ಕೂಡಲೇ ಕೈಯನ್ನು ಮುಷ್ಟಿ ಮಾಡಿ ತೊಡೆಯಡಿ ಹಾಕಿ ಅದರ ಮೇಲೆ ಕೂತ. ಬೆಲ್ಲದಂಗಡಿಯವನು ಕುಡಿದ, ಮುಷ್ಟಿ. ಆಚಾರ್ಯರು, ಕಾವಲಿನವನು, ಮುಷ್ಟಿ, ಮುಷ್ಟಿ. ಮರಿಬಸಪ್ಪ ಎಡಗೈಯಲ್ಲಿ ಎಲೆಯ ತುದಿ ಹಿಡಿದು ಮಡಚತೊಡಗಿದ. ತಿಪ್ಪಣ್ಣನ ಅಂಗೈಗೆ ಹುಯ್ದೆ. ಅವನು ಅರೆಗಣ್ಣಿನಲ್ಲಿ ಸುರ್ ಎಂದು ಎಳೆದುಕೊಂಡು, ಒಂದು ತೇಗು ತೇಗಿ, ಮತ್ತೆ ಕೈ ಒಡ್ಡಿದ.

ನಾನು ಹುಯ್ಯಲಿಲ್ಲ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ.

“ಕೈ ತೊಳೆಯೋಕೆ ಚಾಚಿರೋದು ಅದು!” ಎಂದು ಮರಿಬಸಪ್ಪ ಕೂಗಿದ. “ತಿಪ್ಪಾ, ಕೈ ತೆಗಿಯೋ!”

ಮಾದಯ್ಯ ಕೋಲನ್ನು ನೆಲಕ್ಕೆ ಕುಟ್ಟಿದ. “ಯಾರೂ ಮಾತಾಡೋ ಹಾಗಿಲ್ಲ. ನಮ್ಮಜ್ಜನ ಕಾಲದಲ್ಲಿ ಒಬ್ಬ ಕಣ್ಣಲ್ಲೇ ಕೇಳಿದ್ದ. ಕಣ್ಣು ನಡೆಯಲ್ಲ ಅಂದಿದ್ರು. ಕೈ ನಡೆಯುತ್ತೆ. ಹುಯ್ಯಮ್ಮ. ಕುಡಿದರೆ ಕುಡಿದ, ಚೆಲ್ಲಿದರೆ ಚೆಲ್ಲಿದ.”

ಹುಯ್ದೆ. ಅರ್ಧ ಅವನ ಕೈಗೆ, ಅರ್ಧ ನೆಲಕ್ಕೆ. ತಿಪ್ಪಣ್ಣನಿಗೆ ಆಗ ಎಚ್ಚರವಾದಂತಿತ್ತು. ತನ್ನ ಅಂಗೈಯೊಳಗಿನ ಮಜ್ಜಿಗೆಯನ್ನು ಬೇರೆ ಯಾರದೋ ಮಗುವನ್ನು ಎತ್ತಿಕೊಂಡವನ ಹಾಗೆ ನೋಡಿದ. ಬೆರಳ ಸಂದಿಯಿಂದ ಸೋರಿ ಮೊಣಕೈಗೆ ಇಳಿಯಿತು. ಐವತ್ತು ವರ್ಷದಿಂದ ಆ ಕೈಗೆ ಗೊತ್ತಿದ್ದದ್ದು ಒಂದೇ: ಮಜ್ಜಿಗೆ ಬಿದ್ದರೆ ಬಾಯಿಗೆ ಒಯ್ಯುವುದು. ಸೋರುವುದನ್ನು ತಡೆಯಲು ಅವನು ಬಗ್ಗಿದ, ಬಗ್ಗಿದವನು ಕುಡಿದುಬಿಟ್ಟ.

“ಇಸ್ಕೂಲಮ್ಮ ಪಾರು,” ಎಂದ ಮಾದಯ್ಯ. “ಇನ್ನು ನನಗೊಂದು ಲೋಟ.”

ಮರಿಬಸಪ್ಪ ಏನೋ ಹೇಳಲು ಬಾಯಿ ತೆರೆದ. ಆದರೆ ಹರಳೆಣ್ಣೆ ಇನ್ನೂ ತನ್ನ ಕೆಲಸ ಮುಗಿಸಿರಲಿಲ್ಲ. ಅವನು ಎದ್ದು ಹಿತ್ತಿಲ ಕಡೆ ಓಡಿದ.

ಆ ಸಂಜೆ ನಮ್ಮ ಮನೆಯ ಹಿಂದೆ ಐವರು ಹೆಂಡಿರೂ ಸೇರಿದರು. ನಮ್ಮೂರಿನಲ್ಲಿ ಹೆಂಗಸರು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಮಡಕೆ ಒಡೆದವಳು ತಾನು ಒಡೆದ ರೀತಿಯನ್ನು ಮಾಡಿ ತೋರಿಸಿದಳು. ಮರಿಬಸಪ್ಪನ ಹೆಂಡತಿ ಗಂಡ ಹಿತ್ತಿಲಿಗೆ ಹೋದದ್ದನ್ನು ಏಳು ಸಲ ಎಂದಳು, ಆಮೇಲೆ ಒಂಬತ್ತು ಎಂದಳು. ಎಲ್ಲರೂ ಸಾವಂತ್ರಿಯ ಗಲ್ಲ ಹಿಡಿದು ನೆಟಿಗೆ ಮುರಿದರು. “ಏನು ಉಪವಾಸ ಕೆಡವಿದೆಯೇ ತಾಯಿ ಆ ಮನುಷ್ಯನ್ನ! ನಮ್ಮವು ಹಲ್ಲು ಕಚ್ಚಿ ಕೂತ್ವು, ನಿನ್ನ ಗಂಡ ತಡೀಲಾರದೆ ಕೈ ಚಾಚಿದ ನೋಡು!” ಸಾವಂತ್ರಿ ನಗಲು ನೋಡಿದಳು. ಅವಳ ಮುಖದ ಮೇಲೆ ನಗು ನಿಲ್ಲುತ್ತಿರಲಿಲ್ಲ. ಅತ್ತೆ ಎಲ್ಲರ ಮುಂದೆ ಹೇಳಿದಳು: “ಇನ್ನು ಯಾವ ಬಾಗಿಲಿಗೆ ಗೀಟು ಬಿದ್ದರೂ ಸರಿ, ಐದು ಮನೇಲೂ ಒಲೆ ಹಚ್ಚಬಾರದು. ಆ ಹಗೇವಿಗೆ ಇನ್ನು ರಾಗಿ ತುಂಬಲಿ.”

ಎರಡು ದಿನ ಬಿಟ್ಟು ಮಧ್ಯಾಹ್ನ ಶಾಲೆ ಬಿಟ್ಟ ಹೊತ್ತಿಗೆ ಸಾವಂತ್ರಿ ಅಳತೆ ಪಟ್ಟಿ ಹಿಡಿದು ಬಂದಳು. ಬಾಗಿಲು ಮುಂದೆ ಮಾಡಿ, ನನ್ನ ಹೆಗಲ ಮೇಲೆ ಪಟ್ಟಿ ಇಟ್ಟಳು, ತೆಗೆದಳು.

“ನಾನು ಉಪವಾಸ ಕೆಡವಲಿಲ್ಲ, ಇಸ್ಕೂಲಮ್ಮ.”

ನಾನು ತಿರುಗಿ ನೋಡಿದೆ.

“ನಿಮ್ಮ ಅತ್ತೆಗೆ ಹೂಂ ಅಂದಿದ್ದೆ. ಬೆಳಿಗ್ಗೆ ಒಲೆ ಮುಂದೆ ಕೂತಾಗ ಭಯ ಆಗ್ಬಿಡ್ತು. ಅವರಿಗೆ ಗೊತ್ತಾದರೆ ಮುಂದಿನ ಗೀಟು ನನ್ನ ಬಾಗಿಲಿಗೇ ಅಲ್ವಾ? ಮಾಡಿ ಹಾಕಿದೆ. ನಾಲ್ಕು ರೊಟ್ಟಿ, ಎಣ್ಣೆಗಾಯಿ. ಮೇಲೊಂದು ಬಟ್ಟಲು ಶ್ಯಾವಿಗೆ ಪಾಯಸ.”

“ಪಾಯಸ ಯಾಕೆ?” ಎಂದೆ. ಅಂಥ ಹೊತ್ತಿನಲ್ಲಿ ನನಗೆ ಹೊಳೆದ ಪ್ರಶ್ನೆ ಅದು.

“ಭಯ ಆದರೆ ನನ್ನ ಕೈ ನಿಲ್ಲಲ್ಲಮ್ಮ, ಏನಾದರೂ ಮಾಡ್ತಾನೇ ಇರುತ್ತೆ. ಅವರು ಉಂಡು, ತಡೀಲಾರದೆ ಪಂಚೆ ಸಡಿಲ ಮಾಡ್ಕೊಂಡು ಹೊರಟರು. ನಾನೇ ನಿಮ್ಮನ್ನ ಹಗೇವಿಗೆ ದಬ್ಬಿದೆ ಅಂದ್ಕೊಂಡು ಹೊಲಿಗೆ ಯಂತ್ರದ ಹಿಂದೆ ಕೂತಿದ್ದೆ, ಕೂಗು ಕೇಳಿಸಬಾರದು ಅಂತ ಸುಮ್ಮಸುಮ್ಮನೆ ಯಂತ್ರ ತುಳೀತಾ. ಆಮೇಲೆ ಬಂದು ಹೇಳ್ತಾರೆ, ‘ಏನಾಯ್ತೋ ಕಣೇ, ಹೊಟ್ಟೆ ತುಂಬಿತ್ತು, ಜೋಂಪು ಹತ್ತಿತ್ತು, ಮನೇಲೇ ಕೂತಿದೀನಿ ಅನ್ನಿಸ್ತು, ಕೈ ಹೋಗ್ಬಿಡ್ತು’ ಅಂತ.” ಅವಳು ಪಟ್ಟಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದಳು. “ಅವರೆಲ್ಲ ನನ್ನ ಗಲ್ಲ ಹಿಡೀತಾರೆ. ನಾನು ಏನು ಮಾಡಲಿ? ನಿಮಗಾದರೂ ಹೇಳಿದೆ. ಬೇಕಾದರೆ ಹೊಡೀರಿ.”

ನಾನು ಬೆಂಚಿನ ಮೇಲೆ ಕೂತೆ. ಹಸಿದ ನಾಲ್ವರು ತಮ್ಮ ಕೈಗಳನ್ನು ಕಾವಲು ಕಾದರು. ಹೊಟ್ಟೆ ತುಂಬಿದವನಿಗೆ ಕಾಯಲು ಏನೂ ಇರಲಿಲ್ಲ. ನನ್ನ ಪರವಾಗಿ ನಿಂತ ನಾಲ್ಕು ಹೆಂಗಸರು ಪ್ರೀತಿಯಿಂದ, ಧೈರ್ಯದಿಂದ, ನನ್ನನ್ನು ಬಹುಮಟ್ಟಿಗೆ ಕೊಂದೇ ಬಿಟ್ಟಿದ್ದರು. ಹೆದರಿ ಕೈಬಿಟ್ಟವಳು ಉಳಿಸಿದಳು. ಇದನ್ನು ಯಾರಿಗಾದರೂ ಹೇಳುವುದು ಹೇಗೆ? ಹೇಳಿದರೆ ಅತ್ತೆಯ ಹಿತ್ತಿಲಲ್ಲಿ ಮೊದಲ ಬಾರಿ ಗಟ್ಟಿಯಾಗಿ ನಕ್ಕವರು ಮತ್ತೆ ನಗುವುದಿಲ್ಲ. ಸಾವಂತ್ರಿಯ ಗಲ್ಲ ಹಿಡಿದ ಬೆರಳುಗಳೇ ಅವಳ ಬಾಗಿಲಿಗೆ ಇದ್ದಿಲು ಹಿಡಿಯುವುದಿಲ್ಲ ಎಂದು ನಾನು ಪ್ರಮಾಣ ಮಾಡಲಾರೆ. ನಮ್ಮೂರನ್ನು ನಾನು ಬಲ್ಲೆ. ಹೇಳದಿದ್ದರೆ, ಮುಂದಿನ ಸಲ ಐದು ಮನೆಯಲ್ಲೂ ಒಲೆ ಆರಿರುತ್ತದೆ, ಐದು ಕೈಗಳೂ ಮುಷ್ಟಿಯಾಗಿರುತ್ತವೆ, ಯಾರೋ ಒಬ್ಬಳು ಸೌಟು ಹಿಡಿದು ನಿಂತಿರುತ್ತಾಳೆ.

ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ. ಆ ದಿನ ಬಂದರೆ ಒಂದು ಮನೆಗೆ ನಾನೇ ಬೆಳಿಗ್ಗೆ ಹೋಗುತ್ತೇನೆ. ಶ್ಯಾವಿಗೆ ಪಾಯಸ ತೆಗೆದುಕೊಂಡು ಹೋಗುತ್ತೇನೆ, ಕಾರಣ ಹೇಳದೆ ಕೊಟ್ಟು ಬರುತ್ತೇನೆ. ಅಷ್ಟರೊಳಗೆ ಪಾಯಸ ಮಾಡಲು ಕಲಿಯಬೇಕು.

“ಕಲಿಸಿಕೊಡ್ತೀಯಾ?” ಎಂದು ಸಾವಂತ್ರಿಯನ್ನು ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿ ಅಳತೊಡಗಿದಳು.

ರಾತ್ರಿ ಊಟಕ್ಕೆ ಕೂತಾಗ ಅತ್ತೆ, “ಸಾವಂತ್ರಿ ಇಸ್ಕೂಲಿಗೆ ಬಂದಿದ್ದಳಂತೆ?” ಎಂದಳು. ನಮ್ಮೂರಿನಲ್ಲಿ ಸುದ್ದಿಗೆ ಕಾಲು ಬೇಕಿಲ್ಲ.

“ಬಂದಿದ್ದಳು. ಅಳತೆ ತಗೊಂಡಳು.”

“ಹೊಸ ರವಿಕೆ ಹೊಲಿದು ಕೊಡ್ತಾಳೇನೋ. ಆ ಐವರಲ್ಲಿ ಅವಳೇ ಗಟ್ಟಿಗಿತ್ತಿ ಕಣೇ. ನಾನೂ ಮೊದಲು ಅವಳನ್ನ ಪುಕ್ಕಲಿ ಅಂತಲೇ ತಿಳಿದಿದ್ದೆ. ಮನುಷ್ಯರನ್ನ ನೋಡಿ ಹೇಳೋಕಾಗಲ್ಲ.” ನನ್ನ ಮುಖವನ್ನೇ ನೋಡುತ್ತ ತುತ್ತು ತಡೆದಳು. “ಏನೇ, ಏನಾದರೂ ಹೇಳಿದಳಾ?”

ಇಪ್ಪತ್ತೆರಡು ವರ್ಷ ನಾನು ಆ ಹೆಂಗಸಿನಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ.

“ಇಲ್ಲ ಅತ್ತೆ,” ಎಂದೆ, “ಏನೂ ಹೇಳಲಿಲ್ಲ.”